ಗಿರಿ ಹತ್ತಿ ಇಳಿಯುವ ಪುಟ್ಟ ಕಾರುಗಳು

ಚಿಕ್ಕಮಗಳೂರು ಬಿಟ್ಟು ಕೈಮರ ದಾಟಿದರೆ ಸಾಕು, ರಸ್ತೆಯ ಸ್ವಭಾವವೇ ಬದಲಾಗುತ್ತದೆ. ಇಕ್ಕೆಲಗಳಲ್ಲೂ ಸಿಲ್ವರ್ ಓಕ್ ನೆರಳಿನ ಕಾಫಿ ತೋಟಗಳು. ತೋಟ ಮುಗಿದಲ್ಲಿ ಶೋಲಾ ಕಾಡು, ಅದರ ಮೇಲೆ ಬೋಳು ಹುಲ್ಲುಗಾವಲು. ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಂದಕ. ಮಂಜು ಇಳಿಯಿತೆಂದರೆ ಎದುರಿನ ತಿರುವು ಹಾರ್ನ್ ಸದ್ದಿನಿಂದ ಮಾತ್ರ ತಿಳಿಯುತ್ತದೆ. ಹದಿನೇಳನೆಯ ಶತಮಾನದಲ್ಲಿ ಬಾಬಾಬುಡನ್ ಯೆಮೆನ್‌ನಿಂದ ಏಳು ಕಾಫಿ ಬೀಜ ತಂದು ಇಲ್ಲಿ ಬಿತ್ತಿದರೆಂಬ ಪ್ರತೀತಿ ಇದೆ. ಈಗ ಅದೇ ಗಿರಿಗೆ ರಜಾ ದಿನಗಳಲ್ಲಿ ಕಾರುಗಳ ಸಾಲು.

ಈ ಸಾಲಿನಲ್ಲಿ ದೊಡ್ಡ ಗಾಡಿಗಳು ಇಲ್ಲವೆಂದಲ್ಲ. ಆದರೆ ಲೆಕ್ಕ ಹಾಕಿದರೆ ಆಲ್ಟೊ, ವ್ಯಾಗನ್ ಆರ್, ಎಲ್ಲಿಂದಲೋ ಬಂದ ಹಳೆಯ ಮಾರುತಿ 800, ಅಪರೂಪಕ್ಕೊಂದು ನ್ಯಾನೊ ಕಣ್ಣಿಗೆ ಬೀಳುತ್ತವೆ. ಸಾಲ ಮಾಡಿ ಮೊದಲ ಕಾರು ಕೊಂಡ ಕುಟುಂಬ, ಹಿಂದಿನ ಸೀಟಿನಲ್ಲಿ ಅಜ್ಜಿ, ಮಡಿಲಲ್ಲಿ ಚಿತ್ರಾನ್ನದ ಡಬ್ಬಿ. ಈ ಕಾರು ಗಿರಿ ಹತ್ತೀತೇ?

ಅತ್ತಿಗುಂಡಿಯ ಹೋಟೆಲಿನ ಮುಂದೆ ಕಾರು ನಿಲ್ಲಿಸಿ ಕಾಫಿ ಕುಡಿಯುವವರ ಚರ್ಚೆಯೆಲ್ಲ ಇದರ ಸುತ್ತಲೇ. “ಇದು ಜೀಪಿನ ರಸ್ತೆ ಸಾರ್, ಕಾರೇನಿದ್ರೂ ಪೇಟೆಗೆ” ಎಂಬುದು ಎಸ್ಟೇಟ್ ಜೀಪು ಓಡಿಸುವವರ ಖಚಿತ ಅಭಿಪ್ರಾಯ. ಮಾರುತಿಯವರು ಬಿಡುತ್ತಾರೆಯೇ? “ಎಂಟುನೂರು ಹತ್ತದ ಘಾಟಿ ಯಾವುದಿದೆ ಸ್ವಾಮಿ? ಅವಸರ ಮಾಡಬಾರದು, ಅಷ್ಟೆ!” ನ್ಯಾನೊ ಒಡೆಯರ ವಾದದಲ್ಲಿ ಒಂದಿಷ್ಟು ವಿಜ್ಞಾನವೂ ಇದೆ. ಏರಿನಲ್ಲಿ ಕಾರಿನ ಭಾರ ಹಿಂದಿನ ಚಕ್ರಗಳ ಕಡೆ ವಾಲುತ್ತದೆ. ಮಾರುತಿಯಲ್ಲಿ ತಿರುಗಿಸುವ ಬಲ ಮುಂದಿನ ಚಕ್ರಕ್ಕೆ. ಜಲ್ಲಿ ಎದ್ದ ತಿರುವಿನಲ್ಲಿ ಅದು ಸುಮ್ಮನೆ ಗಿರಗಿರನೆ ಸುತ್ತುವುದುಂಟು. ನ್ಯಾನೊದ ಎಂಜಿನ್ನೂ ಹಿಂದೆ, ಬಲವೂ ಹಿಂದೆ. ಹಾಗಾಗಿ ಹಿಡಿತ ಸಿಗುತ್ತದೆ. ಆದರೆ ಎಂಜಿನ್ 624 ಸಿಸಿಯದು ಮಾತ್ರ ಎಂಬುದನ್ನು ಅವರು ಮೆಲ್ಲಗೆ ಹೇಳುತ್ತಾರೆ!

1983ರ ಡಿಸೆಂಬರ್‌ನಲ್ಲಿ ಮಾರುತಿ 800 ಬಂದಾಗ ಅದರ ಮೂರು ಸಿಲಿಂಡರಿನ, 796 ಸಿಸಿಯ ಪುಟ್ಟ ಎಂಜಿನ್ ನೋಡಿ ಅಂಬಾಸಿಡರ್ ಓಡಿಸಿದವರು ನಕ್ಕಿದ್ದರು. ಕಾರೇ ಹಗುರವಾಗಿದ್ದುದರಿಂದ ಅದು ಘಾಟಿಗಳನ್ನು ಹತ್ತಿತು. 2014ರಲ್ಲಿ ತಯಾರಿಕೆ ನಿಂತರೂ ಮಲೆನಾಡಿನಲ್ಲಿ ಅದರ ಮೇಲಿನ ಮೋಹ ಹೋಗಿಲ್ಲ. 2009ರಲ್ಲಿ ಒಂದು ಲಕ್ಷ ರೂಪಾಯಿಯ ಕಾರೆಂದು ಹೆಸರಾದ ನ್ಯಾನೊಗೆ ಆ ಭಾಗ್ಯ ಬರಲಿಲ್ಲ.

ಹತ್ತುವ ಲೆಕ್ಕ ನೋಡೋಣ. ಚಿಕ್ಕಮಗಳೂರು ಪೇಟೆ ಸಮುದ್ರಮಟ್ಟದಿಂದ ಸುಮಾರು 1,090 ಮೀಟರ್ ಎತ್ತರದಲ್ಲಿದೆ, ಗಿರಿಯ ಶಿಖರ 1,895 ಮೀಟರ್. ರಸ್ತೆಯ ಏರು 700 ಮೀಟರ್ ಎಂದೇ ಇಟ್ಟುಕೊಳ್ಳಿ. ಐದು ಜನ ಕುಳಿತ ಮಾರುತಿಯ ತೂಕ ಸುಮಾರು 950 ಕಿಲೋ. ಅದನ್ನು ಅಷ್ಟೆತ್ತರಕ್ಕೆ ಎತ್ತಲು ಸುಮಾರು 65 ಲಕ್ಷ ಜೂಲ್ ಶಕ್ತಿ ಬೇಕು. ಪೆಟ್ರೋಲಿನ ಶಕ್ತಿಯಲ್ಲಿ ಕಾಲು ಭಾಗ ಮಾತ್ರ ಚಕ್ರಕ್ಕೆ ತಲುಪುತ್ತದೆಂದರೂ, ಸಮತಟ್ಟು ರಸ್ತೆಗಿಂತ ಹೆಚ್ಚಾಗಿ ಬೇಕಾಗುವುದು ಒಂದು ಲೀಟರಿಗೂ ಕಡಿಮೆ. ಮೇಲೇರಿದಂತೆ ಗಾಳಿ ತೆಳುವಾಗುತ್ತದೆ. ಗಿರಿಯ ಮೇಲೆ ಗಾಳಿಯ ಒತ್ತಡ ಕಡಲತೀರದ ಐದರಲ್ಲಿ ನಾಲ್ಕು ಪಾಲು ಮಾತ್ರ. ಎಂಜಿನ್ನಿನ ಬಲವೂ ಅಷ್ಟೇ ಕುಗ್ಗುತ್ತದೆ. ಏಸಿ ಆರಿಸಿ, ಎರಡನೇ ಗೇರು, ಬೇಕಾದರೆ ಒಂದನೇ ಗೇರು ಹಾಕಿ, ನಿಧಾನವಾಗಿ ಹೋದರೆ ಹತ್ತದ ಕಾರಿಲ್ಲ.

ಹತ್ತುವ ಬಗ್ಗೆ ಇಷ್ಟೊಂದು ವಾದ ಮಾಡುವವರು ಇಳಿಯುವ ಮಾತು ಬಂದರೆ ಸುಮ್ಮನಾಗುತ್ತಾರೆ. ನಿಜವಾದ ಅಪಾಯ ಇರುವುದು ಅಲ್ಲೇ.

ಹೋಟೆಲಿನಿಂದ ಹೊರಟ ಕಾರೊಂದರಲ್ಲಿ ಕೇಳಿಬರಬಹುದಾದ ಮಾತಿದು. “ಇಳಿಜಾರಲ್ಲಿ ಎಂಜಿನ್ ಯಾಕೋ ಓಡಬೇಕು? ನ್ಯೂಟ್ರಲ್‌ಗೆ ಹಾಕು.” “ಹಾಗೆ ಮಾಡಬಾರದಂತೆ ಅಪ್ಪಾ.” “ನಿನಗೇನು ಗೊತ್ತು, ಪೆಟ್ರೋಲಿಗೆ ದುಡ್ಡು ಕೊಡೋನು ನಾನು!”

ಅಪ್ಪನ ಮಾತಿನಲ್ಲಿ ಒಂದು ಕಾಲದ ಅನುಭವವಿದೆ. ಕಾರ್ಬ್ಯುರೇಟರ್ ಇದ್ದ ಹಳೆಯ ಕಾರುಗಳಲ್ಲಿ ಗೇರಿನಲ್ಲೇ ಇಳಿಯುವಾಗಲೂ ಸ್ವಲ್ಪ ಪೆಟ್ರೋಲು ಒಳಗೆ ಹೋಗುತ್ತಿತ್ತು. ಆದರೆ ಇಂದಿನ ಫ್ಯುಯೆಲ್ ಇಂಜೆಕ್ಷನ್ ಕಾರು ಹಾಗಲ್ಲ. ಗೇರಿನಲ್ಲಿದ್ದು ಆಕ್ಸಿಲರೇಟರ್‌ನಿಂದ ಕಾಲು ತೆಗೆದರೆ ಪೆಟ್ರೋಲು ಪೂರೈಕೆಯೇ ನಿಲ್ಲುತ್ತದೆ. ಚಕ್ರಗಳೇ ಎಂಜಿನ್ನನ್ನು ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲೆಂದು ಪೆಟ್ರೋಲು ಉರಿಯುತ್ತಲೇ ಇರಬೇಕು. ಉಳಿಸಲು ಹೋದಲ್ಲೇ ಖರ್ಚು!

ಕೀಲಿ ತಿರುಗಿಸಿ ಎಂಜಿನ್ನೇ ಆರಿಸಿದರೋ? ಬ್ರೇಕಿಗೆ ನೆರವಾಗುವ ನಿರ್ವಾತ ಎಂಜಿನ್ನಿನಿಂದಲೇ ಬರುವುದು. ಒಂದೆರಡು ಸಲ ಒತ್ತುವಷ್ಟರಲ್ಲಿ ಅದು ಮುಗಿದು ಪೆಡಲು ಕಲ್ಲಿನಂತೆ ಗಟ್ಟಿಯಾಗುತ್ತದೆ. ಪವರ್ ಸ್ಟೀರಿಂಗಿನ ನೆರವೂ ಇಲ್ಲ. ಕೀಲಿ ಪೂರ್ತಿ ಹಿಂದಕ್ಕೆ ಹೋಗಿ ಕೈಗೆ ಬಂತೆಂದರೆ ಸ್ಟೀರಿಂಗ್ ಬೀಗ ಬೀಳಬಹುದು. ಅದೂ ಇಂಥ ತಿರುವುಗಳಲ್ಲಿ.

ಹತ್ತುವಾಗ ಕೂಡಿಟ್ಟ ಆ 65 ಲಕ್ಷ ಜೂಲ್ ಇಳಿಯುವಾಗ ಎಲ್ಲಿಗಾದರೂ ಹೋಗಲೇಬೇಕಲ್ಲ! ಅಷ್ಟು ಶಾಖ 20 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಲ್ಲದು. ಬ್ರೇಕನ್ನೇ ನಂಬಿದರೆ ಅದರ ಬಹುಪಾಲು ಆ ನಾಲ್ಕು ಚಕ್ರಗಳ ಪುಟ್ಟ ಪ್ಯಾಡು, ಶೂಗಳ ಮೇಲೆ ಬೀಳುತ್ತದೆ. ಬಿಸಿಯಾದಂತೆ ಅವುಗಳ ಹಿಡಿತ ಸಡಿಲುತ್ತದೆ. ಬ್ರೇಕ್ ಎಣ್ಣೆಯೇ ಕುದಿದರೆ ಪೆಡಲು ಮೆತ್ತಗಾಗಿ ಕೆಳಗೆ ಹೋಗುತ್ತದೆ. ಎರಡನೇ ಗೇರಿನಲ್ಲಿ ಇಳಿದರೆ ಎಂಜಿನ್ನೇ ಹಿಡಿದು ನಿಲ್ಲಿಸುತ್ತದೆ. ಯಾವ ಗೇರಿನಲ್ಲಿ ಹತ್ತಿದಿರೋ ಅದೇ ಗೇರಿನಲ್ಲಿ ಇಳಿಯಿರಿ ಎಂದು ಲಾರಿ ಚಾಲಕರು ಹಿಂದಿನಿಂದಲೂ ಹೇಳುತ್ತ ಬಂದಿದ್ದಾರೆ. ಜೂಲಿನ ಲೆಕ್ಕ ಅವರು ಹಾಕಿದವರಲ್ಲ.

ಇನ್ನೊಂದು ನಿಯಮವನ್ನು ಪೇಟೆಯವರು ಮರೆಯುವುದೇ ಹೆಚ್ಚು. ಇಕ್ಕಟ್ಟಿನ ಘಾಟಿಯಲ್ಲಿ ಏರುವ ವಾಹನಕ್ಕೆ ಇಳಿಯುವವರು ದಾರಿ ಬಿಡಬೇಕು. ಅರ್ಧ ಏರಿನಲ್ಲಿ ನಿಂತ ತುಂಬಿದ ಆಲ್ಟೊ ಮತ್ತೆ ಹೊರಡುವಷ್ಟರಲ್ಲಿ ಕ್ಲಚ್ಚಿನ ಸುಟ್ಟ ವಾಸನೆ ತೋಟದೊಳಗೂ ಹೋಗಿರುತ್ತದೆ.

ಸಂಜೆ ಕೈಮರದ ಬಳಿ ನೋಡಿ. ಕೆಲವು ಕಾರುಗಳು ಬದಿಗೆ ನಿಂತಿರುತ್ತವೆ, ಚಕ್ರಗಳಿಂದ ಸಣ್ಣಗೆ ಹೊಗೆ. ಯಾರೋ ಬಾಟಲಿ ನೀರು ಸುರಿಯಲು ಹೊರಡುತ್ತಾರೆ. ಕಾದ ಡಿಸ್ಕಿಗೆ ತಣ್ಣೀರು ಬಿದ್ದರೆ ಅದು ಸೊಟ್ಟಗಾಗಬಹುದು. ಸುಮ್ಮನೆ ಅರ್ಧ ಗಂಟೆ ಬಿಟ್ಟರೆ ತಾನೇ ಆರುತ್ತದೆ. ಅಷ್ಟರಲ್ಲಿ ಅಜ್ಜಿ ಇಳಿದು ಕಾಲು ಚಾಚಿಕೊಳ್ಳುತ್ತಾರೆ, ಡಬ್ಬಿಯಲ್ಲಿ ಉಳಿದ ಚಿತ್ರಾನ್ನ ಹೊರಬರುತ್ತದೆ. ಅವರ ಪಕ್ಕದಲ್ಲೇ ಹಳೆಯ ಮಾರುತಿಯೊಂದು ಎರಡನೇ ಗೇರಿನ ಗುಂಯ್‌ಗುಡುವಿಕೆಯಲ್ಲಿ, ಬ್ರೇಕ್ ದೀಪ ಅಲ್ಲೊಮ್ಮೆ ಇಲ್ಲೊಮ್ಮೆ ಬೆಳಗಿಸುತ್ತ ಊರಿನ ಕಡೆಗೆ ಇಳಿದು ಹೋಗುತ್ತದೆ.