ಒಂದು ದಿನದ ಚೀಲ

ದಿಗಂಬರ ಮುನಿಗಳ ವಿಹಾರವನ್ನು ಕಂಡವರೆಲ್ಲರೂ ಬಲ್ಲ ಸಂಗತಿಯಿದು. ಅವರೊಡನೆ ಇರುವುದು ನವಿಲುಗರಿಯ ಪಿಂಛಿ, ಒಂದು ಕಮಂಡಲು, ಸ್ವಾಧ್ಯಾಯಕ್ಕೊಂದು ಶಾಸ್ತ್ರಗ್ರಂಥ, ಇಷ್ಟೆ. ಸಂಯಮಕ್ಕೆ ಒಂದು, ಶೌಚಕ್ಕೆ ಒಂದು, ಜ್ಞಾನಕ್ಕೆ ಒಂದು ಎಂದು ನಮ್ಮ ಆಚಾರ್ಯರು ಇವುಗಳನ್ನು ಉಪಕರಣಗಳೆಂದು ಕರೆದಿದ್ದಾರೆ. ನೂರಾರು ಮೈಲಿ ಬರಿಗಾಲಿನಲ್ಲಿ ನಡೆಯುವವರಿಗೆ ಮೂರು ವಸ್ತುಗಳು ಸಾಕು. ಒಂದೇ ಒಂದು ಹಗಲಿಗಾಗಿ, ಅದೂ ವಿನೋದಕ್ಕೆಂದು ಹೊರಡುವ ನಾವು ಶ್ರಾವಕರು ಎಷ್ಟನ್ನು ಹೊರುತ್ತೇವೆಂಬುದನ್ನು ತಿಳಿಯಬೇಕಾದರೆ, ಡಿಸೆಂಬರ್ ರಜೆಯಲ್ಲಿ ದೇವದುರ್ಗದಿಂದ ಹೈದರಾಬಾದಿಗೆ ಹೊರಟು ನಿಂತ ಬಾಡಿಗೆಯ ಬಸ್ಸೊಂದರ ಒಳಗೆ ಇಣಿಕಿ ನೋಡಬೇಕು. ಕಾಲಿಡುವುದಕ್ಕೆ ಸ್ಥಳವಿರುವುದಿಲ್ಲ.

ನಮ್ಮ ಬಾಲ್ಯದಲ್ಲಿ ಜಾತ್ರೆಯ ತೊಟ್ಟಿಲೇ ದೊಡ್ಡ ವಿನೋದವಾಗಿತ್ತು. ಟಿಕೆಟು ಕೊಂಡು ಇಡೀ ದಿನ ಒಳಗೇ ಇರುವ ಮನರಂಜನಾ ಉದ್ಯಾನದ ಕಲ್ಪನೆ ಅಮೆರಿಕೆಯಲ್ಲಿ 1955ರಲ್ಲಿ ಡಿಸ್ನಿಲ್ಯಾಂಡ್ ತೆರೆದ ಮೇಲೆ ಲೋಕವೆಲ್ಲ ಹಬ್ಬಿತು. ಹೈದರಾಬಾದಿನ ಬಳಿ ರಾಮೋಜಿ ಫಿಲ್ಮ್ ಸಿಟಿ 1996ರಲ್ಲಿ ಬಂದಿತು. ಬಿಡದಿಯ ವಂಡರ್‌ಲಾ 2005ರಲ್ಲಿ, ಅದೇ ಸಂಸ್ಥೆಯ ಹೈದರಾಬಾದಿನ ಉದ್ಯಾನ ರಾವಿರ್ಯಾಲದಲ್ಲಿ 2016ರಲ್ಲಿ. ಇವಲ್ಲದೆ ಚಿಕ್ಕಪುಟ್ಟ ಜಲೋದ್ಯಾನಗಳು ಬೇರೆ. ನಮ್ಮ ಸೀಮೆಯವರಿಗೆ ಬೆಂಗಳೂರಿಗಿಂತ ಹೈದರಾಬಾದು ಸಮೀಪ. ಸಮೀಪವೆಂದರೂ ಗಬ್ಬೂರಿನ ಮೇಲೆ ರಾಯಚೂರು ಸೇರಿ, ಶಕ್ತಿನಗರದ ಬಳಿ ಕೃಷ್ಣೆಯನ್ನು ದಾಟಿ, ಮಕ್ತಲ್, ಮಹಬೂಬನಗರಗಳನ್ನು ಹಾಯ್ದು ಹೋಗುವಷ್ಟರಲ್ಲಿ ಸುಮಾರು 250 ಕಿಲೋಮೀಟರು ಆಗುತ್ತದೆ. ದೇವದುರ್ಗಕ್ಕೆ ರೈಲಿಲ್ಲ. ಆದುದರಿಂದ ನಸುಕಿನ ಮೂರು ಗಂಟೆಗೆ ಬಸ್ಸು ಹತ್ತಬೇಕು, ಮರಳುವುದು ನಡುರಾತ್ರಿ. ಚೀಲದ ಪ್ರಶ್ನೆ ಇಲ್ಲಿಂದ ಮೊದಲಾಗುತ್ತದೆ. ಒಂದು ದಿನದ ವಿನೋದವಾದರೂ ಇಪ್ಪತ್ತು ಗಂಟೆಗಳ ಸಂಸಾರ.

ಗೃಹಸ್ಥನ ಗುಣವ್ರತಗಳಲ್ಲಿ ಅನರ್ಥದಂಡವಿರತಿಯೂ ಒಂದು. ಪ್ರಯೋಜನವಿಲ್ಲದ ಪಾಪಕಾರ್ಯದಿಂದ ವಿರಮಿಸುವುದು ಅದರ ಅರ್ಥ. ತತ್ತ್ವಾರ್ಥಸೂತ್ರವು ಅದಕ್ಕೆ ಹೇಳುವ ಐದು ಅತಿಚಾರಗಳಲ್ಲಿ ಕೊನೆಯದು, ಉಪಭೋಗ ಪರಿಭೋಗದ ವಸ್ತುಗಳನ್ನು ಬೇಕಾದುದಕ್ಕಿಂತ ಹೆಚ್ಚಾಗಿ ಕೂಡಿಹಾಕುವುದು. ಈ ಅತಿಚಾರಕ್ಕೆ ಶ್ವೇತಾಂಬರ ಆವಶ್ಯಕ ವ್ಯಾಖ್ಯಾನಪರಂಪರೆಯಲ್ಲಿ ಬರುವ ದೃಷ್ಟಾಂತವನ್ನು ಕೇಳಿದಾಗ ನನಗೆ ನಗೆಯೂ ಬಂದಿತು, ಬೆರಗೂ ಆಯಿತು. ಸ್ನಾನಕ್ಕೆಂದು ಕೆರೆಗೆ ಹೋಗುವವನು ಎಣ್ಣೆಯನ್ನೂ ನೆಲ್ಲಿಯನ್ನೂ ಅಗತ್ಯಕ್ಕೆ ಮೀರಿ ಒಯ್ದರೆ, ಅದರ ಆಸೆಗೆ ಇನ್ನಷ್ಟು ಮಂದಿ ಅವನ ಬೆನ್ನುಹತ್ತಿ ನೀರಿಗಿಳಿಯುತ್ತಾರೆ. ನೀರಿನ ಜೀವಗಳಿಗೆ ಅಷ್ಟು ಹೆಚ್ಚಿನ ಹಿಂಸೆಯಾಗುತ್ತದೆ. ನೀರಾಟಕ್ಕೆ ಹೊರಟವನ ಚೀಲವನ್ನು ಕುರಿತು ಅಷ್ಟು ಹಿಂದೆಯೇ ಯೋಚಿಸಿದ್ದಾರೆ! ಮನೆಯಲ್ಲಿಯೇ ಮೀಯಬೇಕು, ಆಗದಿದ್ದರೆ ದಡದಲ್ಲಿ ಕುಳಿತು ಬೊಗಸೆಯಿಂದ ಮೀಯಬೇಕು ಎಂಬುದು ಅವರ ಸಲಹೆ. ಅವರ ಮಾತನ್ನು ಅಕ್ಷರಶಃ ನಡೆಸುವುದಾದರೆ ಜಲೋದ್ಯಾನಕ್ಕೆ ಹೋಗಲೇಬಾರದು. ಹಾಗೆಂದು ಹೇಳುವ ಹಿರಿಯರು ನಮ್ಮಲ್ಲಿದ್ದಾರೆ. ಅವರ ಬಗೆಗೆ ನನಗೆ ಗೌರವವಿದೆ. ಆದರೆ ನಲವತ್ತು ಡಿಗ್ರಿ ಮೀರಿದ ರಾಯಚೂರಿನ ಬೇಸಿಗೆಯನ್ನು ಉಂಡು ಬೆಳೆದ ಮಕ್ಕಳಿಗೆ ವರ್ಷಕ್ಕೊಮ್ಮೆ ನೀರನ್ನು ನಿಷೇಧಿಸುವುದು ನನ್ನಿಂದಾಗದು.

ಇನ್ನು ಚೀಲದೊಳಗಿನ ಮಾತು. ಮೊದಲನೆಯದು ಕುಡಿಯುವ ನೀರು. ನಮ್ಮೂರಿನಲ್ಲಿ ದಿಗಂಬರರು, ಶ್ವೇತಾಂಬರರು ಎಂದು ಬೇರೆ ಬೇರೆ ಬಸ್ಸು ಮಾಡುವಷ್ಟು ಮಂದಿಯಿಲ್ಲ. ಒಂದೇ ಬಸ್ಸಿನಲ್ಲಿ ಎರಡು ಲೆಕ್ಕಗಳು ನಡೆಯುತ್ತವೆ. ದಿಗಂಬರ ಆಚಾರದಲ್ಲಿ ಬರಿದೆ ಸೋಸಿದ ನೀರಿಗೆ ಒಂದು ಮುಹೂರ್ತ, ಎಂದರೆ 48 ನಿಮಿಷಗಳ ಮರ್ಯಾದೆ. ಲವಂಗದ ಪುಡಿ ಬೆರೆಸಿ ಪ್ರಾಸುಕ ಮಾಡಿದರೆ ಎರಡು ಪ್ರಹರ. ಚೆನ್ನಾಗಿ ಕುದಿಸಿದ ನೀರಿಗೆ ಎಂಟು ಪ್ರಹರ. ಶ್ವೇತಾಂಬರ ಸಂಪ್ರದಾಯದಲ್ಲಿ ಕುದಿಸಿದ ನೀರಿಗೆ ಮಳೆಗಾಲದಲ್ಲಿ ಮೂರು, ಚಳಿಗಾಲದಲ್ಲಿ ನಾಲ್ಕು, ಬೇಸಿಗೆಯಲ್ಲಿ ಐದು ಪ್ರಹರ. ಪ್ರಹರಕ್ಕೆ ಮೂರು ಗಂಟೆಯಂತೆ ಎಣಿಸಿದರೆ, ಡಿಸೆಂಬರಿನಲ್ಲಿ ಬೆಳಗಿನ ಮೂರು ಗಂಟೆಗೆ ಕುದಿಸಿದ ನೀರು ಒಬ್ಬ ಅಜ್ಜಿಗೆ ಮರುದಿನದವರೆಗೂ ನಡೆಯುತ್ತದೆ, ಪಕ್ಕದ ಆಸನದ ಅಜ್ಜಿಗೆ ಮಧ್ಯಾಹ್ನ ಮೂರಕ್ಕೆ ಮುಗಿಯುತ್ತದೆ. ಆ ಎರಡನೆಯವರಿಗಾಗಿ ದೊಡ್ಡ ಕ್ಯಾನು ಹೊರುವುದರಿಂದ ಪ್ರಯೋಜನವಿಲ್ಲ. ಅರ್ಧ ಲೀಟರಿನ ಸ್ಟೀಲಿನ ಥರ್ಮಾಸು ಸಾಕು. ಮೂರು ಗಂಟೆಯ ಹೊತ್ತಿಗೆ ಚಹಾದ ಅಂಗಡಿಯಲ್ಲಿ ಬೇಡಿಕೊಂಡರೆ ಕುದಿಯುವ ನೀರು ಕೊಡುತ್ತಾರೆ. ನೀರು ಸೋಸುವ ಬಟ್ಟೆ ಅಂಗೈಯಲ್ಲಿ ಅಡಗುವಷ್ಟು ಹಗುರ, ಅದನ್ನು ಮರೆಯಬಾರದು.

ಊಟದ್ದು ಇದಕ್ಕಿಂತ ತೊಡಕು. ಬಹುತೇಕ ಉದ್ಯಾನಗಳು ಹೊರಗಿನ ಆಹಾರವನ್ನು ಒಳಗೆ ಬಿಡುವುದಿಲ್ಲ. ಔಷಧಕ್ಕೂ ಎಳೆಯ ಮಕ್ಕಳ ಆಹಾರಕ್ಕೂ ಸಾಮಾನ್ಯವಾಗಿ ವಿನಾಯಿತಿಯುಂಟು. ಒಮ್ಮೆ ಹೊರಗೆ ಬಂದರೆ ಮತ್ತೆ ಒಳಗೆ ಸೇರಿಸದ ಕಡೆಗಳೂ ಇವೆ. ಒಳಗಿನ ಉಪಾಹಾರಗೃಹದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಆಲೂಗಡ್ಡೆ ಇಲ್ಲದುದನ್ನು ಹುಡುಕುವುದು ಕಷ್ಟ. ಸೂರ್ಯಾಸ್ತದ ಲೆಕ್ಕವೂ ಇದೆ. ಮೇ ತಿಂಗಳಿನಲ್ಲಿ ಹೈದರಾಬಾದಿನ ಸೂರ್ಯ ಆರೂಮುಕ್ಕಾಲರವರೆಗೆ ಕಾಯುತ್ತಾನೆ. ಡಿಸೆಂಬರಿನಲ್ಲಿ ಆರಕ್ಕೆ ಮೊದಲೇ ಮುಳುಗುತ್ತಾನೆ. ಮಕ್ಕಳು ಕೊನೆಯ ಆಟ ಮುಗಿಸಿ, ಬಟ್ಟೆ ಬದಲಿಸಿ ಹೊರಬರುವಷ್ಟರಲ್ಲಿ ವ್ರತವುಳ್ಳವರ ಊಟದ ವೇಳೆ ಮೀರಿರುತ್ತದೆ.

2017ರ ಡಿಸೆಂಬರಿನಲ್ಲಿ ನಮ್ಮ ಮನೆತನದ ಹನ್ನೊಂದು ಮಂದಿ ಇಂಥದೊಂದು ಉದ್ಯಾನಕ್ಕೆ ಹೋಗಿದ್ದೆವು. ಅದರ ಹೆಸರು ಇಲ್ಲಿ ಬೇಕಿಲ್ಲ. ನಿಯಮವನ್ನು ಮೊದಲೇ ತಿಳಿದಿದ್ದ ಕಾರಣ ರೊಟ್ಟಿಯ ಬುತ್ತಿಯನ್ನು ಬಸ್ಸಿನಲ್ಲಿಯೇ ಬಿಡುವುದೆಂದು ಮಾತಾಗಿತ್ತು. ದೊಡ್ಡಮ್ಮ ಹಸಿದಿರಬಾರದೆಂಬ ಕಕ್ಕುಲತೆಯಿಂದ ಹುಡುಗನೊಬ್ಬ ನಾಲ್ಕು ಖಡಕ್ ರೊಟ್ಟಿಯನ್ನೂ ಶೇಂಗಾ ಚಟ್ನಿಪುಡಿಯನ್ನೂ ಟವೆಲಿನ ಮಡಿಕೆಯೊಳಗೆ ಅಡಗಿಸಿ ಒಳಗೆ ತಂದನು. ಬಾಗಿಲಿನವರು ಕಾಣಲಿಲ್ಲ. ಮಧ್ಯಾಹ್ನ ಅವನು ಹೆಮ್ಮೆಯಿಂದ ಬಿಚ್ಚಿದಾಗ ದೊಡ್ಡಮ್ಮ ಕೈಹಚ್ಚಲಿಲ್ಲ. “ಕದ್ದು ತಂದ ರೊಟ್ಟಿಗಿ ಬಳ್ಳೊಳ್ಳಿ ಹಾಕಿದ್ರೇನು, ಬಿಟ್ರೇನು?” ಎಂದರು. ಅಷ್ಟೇ ಮಾತು. ಹುಡುಗನ ತಲೆ ನೇವರಿಸಿದರು, ಎರಡು ಬಾಳೆಹಣ್ಣು ಕೊಂಡು ತಿಂದರು. ಅಹಿಂಸೆಯನ್ನು ಕಾಯುವುದಕ್ಕೆಂದು ಸತ್ಯಕ್ಕೂ ಅಚೌರ್ಯಕ್ಕೂ ರಜೆ ಕೊಡುವ ಜಾಣತನ ನಮ್ಮಲ್ಲಿ ಕಡಮೆಯೇನಿಲ್ಲ. ಆಹಾರದ ವಿಷಯದಲ್ಲಂತೂ ನಾವು ಅದನ್ನು ದೋಷವೆಂದೇ ಎಣಿಸುವುದಿಲ್ಲ. ವ್ರತವಿರುವವರು ಪ್ರವಾಸಕ್ಕೆ ಮೊದಲೇ ಉದ್ಯಾನಕ್ಕೆ ಫೋನು ಮಾಡಿ ತಮ್ಮ ನಿಯಮವನ್ನು ತಿಳಿಸಿ ಕೇಳಬಹುದು. ಒಪ್ಪಿದರೆ ಒಳ್ಳೆಯದು. ಒಪ್ಪದಿದ್ದರೆ ಬಾಗಿಲು ತೆರೆಯುವ ಮುನ್ನ ಬಸ್ಸಿನ ನೆರಳಿನಲ್ಲಿ ಹೊಟ್ಟೆತುಂಬ ಉಣ್ಣಬಹುದು. ಆ ದಿನವನ್ನು ಏಕಾಶನವೆಂದು ಸಂಕಲ್ಪಿಸಲೂಬಹುದು.

ಬುತ್ತಿಗೆ ನಮ್ಮ ಕಡೆಯ ಜೋಳದ ಖಡಕ್ ರೊಟ್ಟಿಗಿಂತ ಮೇಲಾದುದನ್ನು ನಾನು ಕಾಣೆ. ಬೆಳ್ಳುಳ್ಳಿಯಿಲ್ಲದ ಗುರೆಳ್ಳು ಪುಡಿ, ಒಗ್ಗರಣೆಯ ಚುರುಮುರಿ, ಪುಟಾಣಿ. ಶೇಂಗಾ ನೆಲದೊಳಗೆ ಬೆಳೆದರೂ ಕಂದಮೂಲವಲ್ಲವೇ ಎಂದು ಪ್ರತಿ ಪ್ರವಾಸದಲ್ಲಿಯೂ ಯಾರಾದರೊಬ್ಬರು ಚರ್ಚೆ ತೆಗೆಯುತ್ತಾರೆ. ಅದು ಕಾಯಿಯೇ ಹೊರತು ಬೇರಲ್ಲವೆಂದು ತೀರ್ಮಾನವಾಗುವಷ್ಟರಲ್ಲಿ ಮಕ್ತಲ್ ಬಂದಿರುತ್ತದೆ.

ಬಟ್ಟೆಯ ವಿಷಯದಲ್ಲಿ ಒಂದು ವಿನೋದವಿದೆ. ನಾವು ಹತ್ತಿಯ ಸೀಮೆಯವರು. ಆದರೆ ನೀರಿನ ಆಟಗಳಿಗೆ ಹತ್ತಿಯ ಬಟ್ಟೆ ಸಲ್ಲದು. ನೀರು ಕುಡಿದು ಭಾರವಾಗುತ್ತದೆ, ಎಳೆ ಉದುರಿ ನೀರು ಸೋಸುವ ಯಂತ್ರಕ್ಕೆ ತೊಡರುತ್ತದೆ. ನೈಲಾನಿನದೇ ಬೇಕೆನ್ನುತ್ತಾರೆ. ಸೊಂಟಪಟ್ಟಿ, ಹಣದ ಚೀಲ ಚರ್ಮದವಾಗಿದ್ದರೆ ಅಲ್ಲಿ ಹೇಗೂ ಕೆಡುತ್ತವೆ. ಮನೆಯಲ್ಲಿ ಬಿಡುವುದಕ್ಕೆ ಇದೊಂದು ನೆಪ. ಒಬ್ಬರಿಗೆ ಒಂದು ಜೊತೆ ಒಣಬಟ್ಟೆ, ತೆಳುವಾದ ಪಂಚೆಯೊಂದು, ಕನ್ನಡಕಕ್ಕೆ ದಾರ, ಒದ್ದೆ ಬಟ್ಟೆ ತುಂಬಲು ನೀರು ಸೋರದ ಕೈಚೀಲ. ಮಾತ್ರೆಗಳನ್ನು ಅವುಗಳ ಚೀಟಿಯೊಡನೆ ಅವರವರೇ ಇಟ್ಟುಕೊಳ್ಳಬೇಕು. ಇದಕ್ಕಿಂತ ಹೆಚ್ಚಿಗೆ ನನಗೆ ತೋಚುವುದಿಲ್ಲ.

ಮೇಲಿನದೆಲ್ಲ ಅನುಕೂಲದ ಮಾತಾಯಿತು. ನನ್ನನ್ನು ನಿಜವಾಗಿ ಯೋಚನೆಗೆ ಹಚ್ಚಿದುದು ಬೆಂಚು. ಬೆನ್ನುನೋವಿನ ದೆಸೆಯಿಂದ ವೈದ್ಯರು ಆಟಗಳನ್ನು ಬೇಡವೆಂದಿದ್ದರಾಗಿ ಆ ದಿನ ನಾನು ಅಲೆಯ ಕೊಳದ ಎದುರಿನ ಬೆಂಚಿನ ಮೇಲೆ ಕುಳಿತಿದ್ದೆ. ಉದ್ದಕ್ಕೂ ಅಂಥ ಬೆಂಚುಗಳು. ಒಂದೊಂದರ ಮೇಲೆಯೂ ಚೀಲಗಳ ರಾಶಿ, ರಾಶಿಯ ನಡುವೆ ಒಬ್ಬ ಹೆಂಗಸು. ತಾಯಿ, ಅತ್ತೆ, ಹಿರಿಯ ಸೊಸೆ, ಮದುವೆಯಾಗದ ಅಕ್ಕ. ಗಂಡಸರು ಅಲ್ಲೊಬ್ಬ ಇಲ್ಲೊಬ್ಬ. ನನ್ನ ಪಕ್ಕದಲ್ಲಿದ್ದವರು ಗದ್ವಾಲದ ಕಡೆಯ ತಾಯಿ. ಬೆಳಗಿನ ಹನ್ನೊಂದರಿಂದ ಕದಲಿರಲಿಲ್ಲ. ಅವರಿಗೂ ಪೂರ್ಣ ಟಿಕೆಟೇ ತೆಗೆದಿದ್ದರು. “ಸಾಮಾನು ಇದೆಯಲ್ಲ” ಎಂದರು, ಅದೊಂದು ಕಾಯಿಲೆಯ ಹೆಸರೆಂಬಂತೆ.

ಮೂರ್ಛೆಯೇ ಪರಿಗ್ರಹವೆಂದು ನಾವು ಬಾಲ್ಯದಿಂದ ಕೇಳಿದ್ದೇವೆ. ವಸ್ತುವಿನ ಮೇಲೆ ‘ನನ್ನದು’ ಎಂಬ ಮೋಹ ಅದು. ಈ ಬೆಂಚಿನಲ್ಲಿ ಇನ್ನೊಂದು ಬಗೆ ಕಾಣಿಸಿತು. ಮೋಹ ಒಬ್ಬರದು, ಕಾವಲು ಮತ್ತೊಬ್ಬರದು. ಮೂರನೆಯ ಜೊತೆ ಬಟ್ಟೆ ಬೇಕೆಂದವನು ನೀರಿನಲ್ಲಿದ್ದಾನೆ. ಅದನ್ನು ಕಾಯುವವಳು ಬಿಸಿಲಿನಲ್ಲಿದ್ದಾಳೆ. ಪರಿಗ್ರಹಪರಿಮಾಣ ವ್ರತ ತೆಗೆದುಕೊಳ್ಳುವಾಗ ಹೊಲ, ಮನೆ, ಬೆಳ್ಳಿಬಂಗಾರಗಳ ಲೆಕ್ಕ ಬರೆಸುತ್ತೇವೆ. ಆ ಲೆಕ್ಕದಲ್ಲಿ ಕಾವಲಿನವರ ದಿನಗಳು ಬರುವುದಿಲ್ಲ.

ಇದರ ಎದುರು ತುದಿಯೂ ಇದೆ. ನಮ್ಮ ಬಂಧುವೊಬ್ಬರು ಎಲ್ಲಿಗೆ ಹೋದರೂ ಬರಿಗೈಯಲ್ಲಿ ಹೊರಡುತ್ತಾರೆ, ಅದನ್ನು ಅಪರಿಗ್ರಹವೆಂದು ಹೇಳಿಕೊಳ್ಳುತ್ತಾರೆ. ಹನ್ನೆರಡು ಗಂಟೆಗೆ ಒಬ್ಬರ ನೀರು, ಒಂದು ಗಂಟೆಗೆ ಇನ್ನೊಬ್ಬರ ಟವೆಲು, ಸಂಜೆಗೆ ಮತ್ತೊಬ್ಬರ ತಲೆನೋವಿನ ಮಾತ್ರೆ. ಅವರ ಚೀಲವನ್ನು ನಾಲ್ವರು ಹಂಚಿಕೊಂಡು ಹೊತ್ತಿರುತ್ತಾರೆ, ಅಷ್ಟೆ. ಕಮಂಡಲುವನ್ನು ಬಿಟ್ಟು ಹೊರಟ ಮುನಿಯನ್ನು ಯಾರೂ ಹೆಚ್ಚಿನ ತ್ಯಾಗಿ ಎನ್ನುವುದಿಲ್ಲ.

2023ರಲ್ಲಿ ಮತ್ತೆ ಹೊರಟಾಗ ಮನೆಯಲ್ಲಿ ಒಂದು ಕಟ್ಟು ಮಾಡಿದೆವು. ಉದ್ಯಾನದ ಒಳಗೆ ಹೋಗುವುದು ಬಾಡಿಗೆಯ ಲಾಕರಿನಲ್ಲಿ ಹಿಡಿಸುವಷ್ಟು ಮಾತ್ರ. ಬೀಗ ಹಾಕಿ ಕೀಲಿಯನ್ನು ಕೈಗೆ ಕಟ್ಟಿಕೊಂಡ ಮೇಲೆ ಯಾರೂ ಯಾವುದನ್ನೂ ಕಾಯಬಾರದು. ಹಿಡಿಸದುದು ಬಸ್ಸಿನಲ್ಲಿರಲಿ. ಹೊರಡುವ ಹಿಂದಿನ ರಾತ್ರಿ ಗದ್ದಲವೇ ಆಯಿತು. ಕೂದಲು ಒಣಗಿಸುವ ಯಂತ್ರ, ಎರಡು ಛತ್ರಿ, ಇಸ್ಪೀಟು ಕಟ್ಟು ಹೊರಗುಳಿದವು. ದೊಡ್ಡಮ್ಮ ಆ ವೇಳೆಗೆ ಇರಲಿಲ್ಲ. ಅವರ ಥರ್ಮಾಸು ಇತ್ತು.

ಕಳೆದ ಸಲ ಆರು ಗಂಟೆಗಳ ಕಾಲ ಏಳು ಚೀಲಗಳ ನಡುವೆ ಕುಳಿತಿದ್ದ ನಮ್ಮ ಅತ್ತಿಗೆ, ಐವತ್ತೆರಡು ವರ್ಷದವರು, ಈ ಸಲ ಅಲೆಯ ಕೊಳಕ್ಕೆ ಇಳಿದರು. ಮೊದಲು ಪಾದ ಮುಳುಗುವಷ್ಟು, ಆಮೇಲೆ ಮೊಣಕಾಲು. ಸೈರನ್ನು ಕೂಗಿ ಅಲೆ ಬಂದಾಗ ಮೊಮ್ಮಗಳ ಕೈಹಿಡಿದು ಕಿರುಚಿದರು. ಐದು ಗಂಟೆಗೆ ಎಲ್ಲರೂ ಹೊರಗೆ ಬಂದೆವು, ಮಕ್ಕಳು ಗೊಣಗಿದರೂ ಬಿಡಲಿಲ್ಲ. ಬಸ್ಸಿನ ಮಗ್ಗುಲಲ್ಲಿ ಜಮಖಾನೆ ಹಾಸಿ, ಸೂರ್ಯ ಮುಳುಗುವ ಮೊದಲು ರೊಟ್ಟಿಯ ಬುತ್ತಿ ಬಿಚ್ಚಿದೆವು. ಅತ್ತಿಗೆ ಒದ್ದೆ ಜಡೆಯನ್ನು ಹಿಂಡುತ್ತ, ಆ ಅಲೆ ಎಷ್ಟು ಹೊತ್ತಿಗೊಮ್ಮೆ ಬರುತ್ತದೆಂದು ಡ್ರೈವರನನ್ನು ಕೇಳುತ್ತಿದ್ದರು. ಅವನಿಗೇನು ಗೊತ್ತು, ಪಾಪ. ಅವನು ಹಗಲೆಲ್ಲ ನಮ್ಮ ಉಳಿದ ಸಾಮಾನುಗಳೊಡನೆ ಬಸ್ಸಿನಲ್ಲಿ ಮಲಗಿದ್ದನು.