ಖಾಡಿಯಾಚೆಯ ಗುಡ್ಡದ ಮನೆಯಲ್ಲಿ ನಾಲ್ಕು ದಿನ

ರಜೆಯೆಂದರೆ ಊರು, ಊರೆಂದರೆ ರಜೆ. ಮುಂಬಯಿಯ ಕನ್ನಡ ಕುಟುಂಬಗಳ ಪಂಚಾಂಗದಲ್ಲಿ ಇದಕ್ಕೆ ಅಪವಾದವೇ ಇಲ್ಲ. ಹಿರಿಯರ ಕಾಲಕ್ಕೆ ಹಡಗಿತ್ತು. ಆಮೇಲೆ ಬಸ್ಸು ಬಂತು. 1998ರಲ್ಲಿ ಕೊಂಕಣ ರೈಲು ಪೂರ್ತಿಯಾಗಿ ಓಡತೊಡಗಿದ ಮೇಲೆ ರೈಲು. ವಾಹನ ಬದಲಾಯಿತೇ ಹೊರತು ದಿಕ್ಕು ಬದಲಾಗಲಿಲ್ಲ. ಆದರೆ ಊರಿಗೆ ಹೋಗಿ ನಾವು ವಿಶ್ರಾಂತಿ ಪಡೆದದ್ದುಂಟೆ? ಎರಡು ಮದುವೆ, ಒಂದು ನಾಮಕರಣ, ಪಂಚಾಯತಿಯಲ್ಲಿ ಮನೆ ತೆರಿಗೆ, ಮಾಡಿನ ಹಂಚು ಬದಲಿಸುವ ಕೆಲಸ, ನಡುನಡುವೆ ನೆಂಟರ ಮನೆಗಳ ಸುತ್ತು. ಹದಿನೈದು ದಿನ ಕಳೆದು ಮತ್ತೆ ಕಚೇರಿಯ ಕುರ್ಚಿಯಲ್ಲಿ ಬೆನ್ನು ಊರಿದಾಗಲೇ ನಮಗೆ 'ಅಬ್ಬ' ಎನ್ನಿಸುವುದು. ನಮ್ಮಾಕೆಗಂತೂ ಅದೂ ಇಲ್ಲ. ಇಲ್ಲಿ ಐದು ಜನರ ಅಡಿಗೆ, ಅಲ್ಲಿ ಹದಿನೈದು ಜನರದು, ಅಷ್ಟೇ ವ್ಯತ್ಯಾಸ.

ಈ ಸಲ ಊರಿನ ಮಾತೇ ತೊಡಕಾಗಿತ್ತು. ಗಂಗೊಳ್ಳಿಯಲ್ಲಿರುವ ನಮ್ಮ ಮನೆಗೆ ಬೀಗ ಬಿದ್ದು ಎರಡು ವರ್ಷವಾಯಿತು. ತಂದೆಯವರು ತೀರಿಕೊಂಡ ಮೇಲೆ ಅಮ್ಮನನ್ನು ಕುರ್ಲಾದ ನಮ್ಮ ಎರಡು ಕೋಣೆಯ, ನಾಲ್ಕನೆಯ ಮಾಳಿಗೆಯ ಮನೆಗೆ ಕರೆತಂದಿದ್ದೆವು. ಮನೆಯನ್ನು ಮಾರಿಬಿಡೋಣವೆಂದು ಅಣ್ಣ ಕಾಗದಪತ್ರ ಸಿದ್ಧಮಾಡಿ ಕಳಿಸಿದ್ದ. ಅಮ್ಮನ ಸಹಿಯೊಂದೇ ಬಾಕಿ. ಆರು ತಿಂಗಳಿನಿಂದ ಆ ಕಾಗದ ನಮ್ಮ ಕಪಾಟಿನಲ್ಲಿತ್ತು. ಅಮ್ಮ ಬೇಡವೆನ್ನಲಿಲ್ಲ, ಆಗಲಿ ಎನ್ನಲೂ ಇಲ್ಲ. ಮಾತೇ ಕಡಿಮೆಯಾಗಿತ್ತು. ಕಿಟಕಿಯ ಬಳಿ ಕುಳಿತು ಲೋಕಲ್ ಗಾಡಿಗಳನ್ನು ಎಣಿಸುವುದೇ ಅವರ ದಿನಚರಿ. ಮುಂಬಯಿ ಸಮುದ್ರದ ಊರೆಂದು ಹೇಳಿ ಕರೆತಂದಿದ್ದರೂ ಆ ವರ್ಷವೆಲ್ಲ ಅವರು ಸಮುದ್ರವನ್ನು ಕಂಡದ್ದು ಒಂದೇ ಒಂದು ದಿನ.

ಕೊನೆಗೆ ದಾರಿ ತೋರಿಸಿದವಳು ನಮ್ಮಾಕೆ. "ನಾಲ್ಕು ದಿನ ಯಾರ ಊರಿಗೂ ಬೇಡ, ಯಾರೂ ಇಲ್ಲದಲ್ಲಿಗೆ ಹೋಗೋಣ" ಎಂದಳು. ವಿಚಾರಿಸುತ್ತ ಹೋದಾಗ ಸಹೋದ್ಯೋಗಿಯೊಬ್ಬರು ಗೊರಾಯಿಯ ಗುಡ್ಡದ ಇಳಿಜಾರಿನಲ್ಲಿ ದಿನಬಾಡಿಗೆಗೆ ಸಿಗುವ ಮನೆಯೊಂದರ ವಿಳಾಸ ಕೊಟ್ಟರು. ಊಟವನ್ನು ಯಜಮಾನಿಯೇ ಮಾಡಿಕೊಡುತ್ತಾರೆಂದು ಕೇಳಿದೊಡನೆ ನಮ್ಮಾಕೆ ಮುಂದಿನದನ್ನು ಕೇಳಲೇ ಇಲ್ಲ. ಜನವರಿಯ ಒಂದು ಶುಕ್ರವಾರ, ಹೊಸ ವರ್ಷದ ಗದ್ದಲ ಅಡಗಿದ ಮೇಲೆ, ಎರಡು ದಿನದ ಸಿ.ಎಲ್. ಹಾಕಿ ಹೊರಟೆವು.

ಗೊರಾಯಿ ಇರುವುದು ಧಾರಾವಿ ದ್ವೀಪದಲ್ಲಿ. ಧಾರಾವಿ ಎಂದೊಡನೆ ವಾಚಕರು ಮಾಹಿಮಿನ ಪಕ್ಕದ ಆ ಇಕ್ಕಟ್ಟಿನ ಕೇರಿಯನ್ನು ನೆನೆಯಬಾರದು. ಇದು ಉಪನಗರಗಳ ವಾಯವ್ಯದಲ್ಲಿ, ಒಂದು ಕಡೆ ಅರಬ್ಬೀ ಸಮುದ್ರ, ಉತ್ತರಕ್ಕೆ ವಸಾಯಿ ಖಾಡಿ, ಇತ್ತ ಮನೋರಿ ಖಾಡಿ ಇರುವ ಉದ್ದನೆಯ ನೆಲ. ಮನೋರಿ, ಗೊರಾಯಿ, ಉತ್ತನ್, ಡೊಂಗರಿ ಮೊದಲಾದ ಹಳ್ಳಿಗಳು ಇದರಲ್ಲಿವೆ. ಮನೋರಿ, ಗೊರಾಯಿಗಳು ಮುಂಬಯಿ ಮಹಾನಗರಪಾಲಿಕೆಗೆ ಸೇರಿದರೆ ಉತ್ತನಿನ ಕಡೆ ಠಾಣೆ ಜಿಲ್ಲೆಯದು. ಭಾಯಂದರಿನಿಂದ ರಸ್ತೆಯೂ ಉಂಟು. ಆದರೆ ಮಕ್ಕಳಿರುವವರು ದೋಣಿಯಲ್ಲೇ ಹೋಗಬೇಕು. ಮಾಲಾಡಿನಲ್ಲಿಳಿದು ಬಸ್ಸಿನಲ್ಲಿ ಮಾರ್ವೆಗೆ ಬಂದರೆ ಅಲ್ಲಿಂದ ಮನೋರಿಗೆ ದೋಣಿ. ಬೋರಿವಲಿಯ ಕಡೆಯಿಂದ ಗೊರಾಯಿಗೂ ಹಾಗೆಯೇ ದೋಣಿಯುಂಟು. ನಮ್ಮ ದೋಣಿಯಲ್ಲಿ ಮೋಟಾರು ಸೈಕಲ್ಲುಗಳು, ಮೀನಿನ ಬುಟ್ಟಿಗಳು, ಶಾಲೆಯ ಚೀಲ ಹೊತ್ತ ಮಕ್ಕಳು ಎಲ್ಲರೂ ಒಟ್ಟಿಗೇ ನಿಂತಿದ್ದರು. ಹತ್ತು ಹದಿನೈದು ನಿಮಿಷದ ದಾರಿ.

"ಅಪ್ಪಾ, ನಾವೀಗ ದ್ವೀಪಕ್ಕೆ ಹೋಗ್ತಾ ಇದ್ದೀವಾ?" ಎಂದು ಮಗಳು ಕೇಳಿದಳು. ದ್ವೀಪದಿಂದ ದ್ವೀಪಕ್ಕೆ ಎಂದು ಉತ್ತರ ಕೊಟ್ಟೆವು. ನಿಜವೂ ಅದೇ. ಮುಂಬಯಿ ನಗರ ಒಂದು ಕಾಲಕ್ಕೆ ಏಳು ದ್ವೀಪಗಳು. 1661ರಲ್ಲಿ ಪೋರ್ತುಗೀಜ ರಾಜಕುಮಾರಿಯ ಮದುವೆಯ ಬಳುವಳಿಯಾಗಿ ಇಂಗ್ಲೆಂಡಿನ ದೊರೆಗೆ ಹೋದದ್ದು, 1668ರಲ್ಲಿ ವರ್ಷಕ್ಕೆ 10 ಪೌಂಡು ಬಾಡಿಗೆಗೆ ಈಸ್ಟ್ ಇಂಡಿಯಾ ಕಂಪೆನಿಯ ಕೈಗೆ ಬಂತು. ಬಾಡಿಗೆಯ ಮನೆಗಾಗಿ ಅಲೆಯುವ ಮುಂಬಯಿಕರನಿಗೆ ಈ ಸಂಗತಿ ಸ್ವಲ್ಪ ಸಮಾಧಾನ ಕೊಡಬೇಕು, ಊರೇ ಬಾಡಿಗೆಯದು! ನಡುವಣ ನೀರನ್ನು ತುಂಬಿ ತುಂಬಿ ಏಳನ್ನೂ ಒಂದು ಮಾಡಿದರು. ನಮ್ಮ ಕುರ್ಲಾ, ಅಂಧೇರಿ, ಬೋರಿವಲಿಗಳಿರುವ ಸಾಷ್ಟಿಯೂ ದ್ವೀಪವೇ. ಆದರೆ 8.12ರ ಗಾಡಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತವನಿಗೆ ತಾನು ದ್ವೀಪವಾಸಿಯೆಂಬುದು ನೆನಪಾಗುವುದು ಹೇಗೆ?

ಮನೋರಿಯಿಂದ ರಿಕ್ಷಾದಲ್ಲಿ ಗೊರಾಯಿಗೆ ಹೋಗಿ, ಅಲ್ಲಿಂದ ಹತ್ತು ನಿಮಿಷ ಗುಡ್ಡ ಏರಿದರೆ ಮನೆ. ಎರಡು ಕೋಣೆ, ಮುಂದೆ ಉದ್ದನೆಯ ಜಗಲಿ, ಅಂಗಳದಲ್ಲಿ ಬಾವಿ, ಸುತ್ತ ತಾಳೆಮರ, ಮಾವು. ಕೆಳಗೆ ತೋಟ, ಅದರಾಚೆ ಸಮುದ್ರ. ಇನ್ನೊಂದು ಮಗ್ಗುಲಿಗೆ ತಿರುಗಿದರೆ ಖಾಡಿಯ ಕಾಂಡ್ಲಾ ಕಾಡು, ಅದರ ಮೇಲೆ ವಿಪಶ್ಯನಾ ಪಗೋಡದ ಹೊಂಬಣ್ಣದ ಗೋಪುರ. 2009ರಲ್ಲಿ ತೆರೆದ ಈ ಪಗೋಡದ ಗುಮ್ಮಟದೊಳಗೆ ನಡುವೆ ಒಂದು ಕಂಬವೂ ಇಲ್ಲದೆ 8,000 ಜನ ಕುಳಿತು ಧ್ಯಾನಮಾಡಬಹುದು. ರಂಗೂನಿನ ಶ್ವೇಡಗಾನ್ ಪಗೋಡದ ಮಾದರಿಯಲ್ಲಿ ಅದನ್ನು ಕಟ್ಟಿದ್ದಾರೆ. ಅದರ ಬಳಿಯೇ 1989ರಿಂದ ಮಕ್ಕಳನ್ನು ಸೆಳೆಯುತ್ತಿದ್ದ ಎಸ್ಸೆಲ್ ವರ್ಲ್ಡ್ 2022ರಲ್ಲಿ ಮುಚ್ಚಿತು. ನಮ್ಮ ಮಕ್ಕಳಿಗೆ ಅದರ ಕೊರತೆ ತಿಳಿಯಲಿಲ್ಲ. ಬಾವಿಯಿಂದ ನೀರು ಸೇದುವುದೇ ಅವರಿಗೆ ದೊಡ್ಡ ಆಟವಾಯಿತು. ಆದರೆ ಕುಡಿಯುವ ನೀರನ್ನು ಅಳೆದು ಬಳಸಬೇಕೆಂದು ಯಜಮಾನಿ ಮೊದಲೇ ಎಚ್ಚರಿಸಿದ್ದರು.

ಮಧ್ಯಾಹ್ನ ಜಗಲಿಯಲ್ಲಿ ಅಂಗಾತ ಮಲಗಿ ಮಾಡು ನೋಡುತ್ತಿದ್ದಾಗ ಒಂದು ವಿಶೇಷ ಕಣ್ಣಿಗೆ ಬಿತ್ತು. ಹಂಚುಗಳ ಒಳಮೈಯಲ್ಲಿ ಇಂಗ್ಲಿಷಿನಲ್ಲಿ 'ಮಂಗಳೂರು' ಎಂದು ಅಚ್ಚಾಗಿತ್ತು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆ ತೆರೆದ ಮೇಲೆ ನಮ್ಮ ಕರಾವಳಿಯ ಜೇಡಿಮಣ್ಣು ಹಂಚಾಗಿ ಹಡಗೇರಿ ಮುಂಬಯಿಗೆ ಬರತೊಡಗಿತು. ನಮಗಿಂತ ಮುಂಚೆ ಇಲ್ಲಿಗೆ ಬಂದು, ನಮಗಿಂತ ಭದ್ರವಾಗಿ ನೆಲೆನಿಂತ ಕರ್ನಾಟಕದವರೆಂದರೆ ಈ ಹಂಚುಗಳೇ ಎಂದು ನಾವು ನಕ್ಕೆವು. ಅಮ್ಮ ನಗಲಿಲ್ಲ. ಎದ್ದು ಬಂದು ಹಂಚುಗಳನ್ನು ಬಹಳ ಹೊತ್ತು ನೋಡಿದರು.

ಮನೆಯ ಯಜಮಾನಿ ಅರುವತ್ತು ದಾಟಿದ ಈಸ್ಟ್ ಇಂಡಿಯನ್ ಹೆಂಗಸು. ಮನೆಯ ಮುಂದೆ ಕ್ರಿಸ್‌ಮಸ್ಸಿನ ನಕ್ಷತ್ರದ ಗೂಡುದೀಪ ಇನ್ನೂ ತೂಗುತ್ತಿತ್ತು. ಇವರು ಪೋರ್ತುಗೀಜರ ಕಾಲದಲ್ಲಿ ಕ್ರೈಸ್ತರಾದ ಇಲ್ಲಿನ ಮೂಲನಿವಾಸಿಗಳು. ಮನೆಮಾತು ಮರಾಠಿಯ ಒಂದು ಬಗೆ. ಪಶ್ಚಿಮ ತೀರದಲ್ಲಿರುವವರು 'ಈಸ್ಟ್ ಇಂಡಿಯನ್' ಆದದ್ದು ಹೇಗೆಂದು ಕೇಳಬಹುದು. ಗೋವೆಯಿಂದಲೂ ನಮ್ಮ ಮಂಗಳೂರಿನಿಂದಲೂ ನೌಕರಿಗಾಗಿ ಮುಂಬಯಿಗೆ ಬಂದ ಕ್ರೈಸ್ತರಿಂದ ತಮ್ಮನ್ನು ಬೇರೆಯಾಗಿ ಗುರುತಿಸಿಕೊಳ್ಳಲು 1887ರಲ್ಲಿ, ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ವರ್ಷ, ಅವರು ಕಂಪೆನಿಯ ನೆನಪಿನ ಈ ಹೆಸರನ್ನು ತಳೆದರು. ಎಂದರೆ ಆ ಹೆಸರಿಗೆ ಒಂದು ಮಟ್ಟಿಗೆ ನಮ್ಮ ಕಡೆಯವರೇ ಕಾರಣ! ಈ ಕತೆಯನ್ನು ಯಜಮಾನಿಗೆ ನೆನಪಿಸಿದೆವು. ಅವರು ನಕ್ಕು, ಮೀನಿನ ಸಾರನ್ನು ಇನ್ನೊಂದು ಸೌಟು ಬಡಿಸಿದರು. ಬೇಸಗೆಯಲ್ಲಿ ಹತ್ತಾರು ಸಂಬಾರಗಳನ್ನು ಒಣಗಿಸಿ, ಹುರಿದು, ಕುಟ್ಟಿ, ಸೀಸೆಗಳಲ್ಲಿ ಒತ್ತಿ ತುಂಬಿಡುವ 'ಬಾಟ್ಲಿ ಮಸಾಲೆ'ಯ ಸಾರು ಅದು. ನಮ್ಮಾಕೆ ಕೈತೊಳೆದು ತಟ್ಟೆಯ ಮುಂದೆ ಕುಳಿತುಕೊಂಡ ಠೀವಿಯನ್ನು ನೋಡಬೇಕಿತ್ತು. ಬೇರೆಯವರು ಬಡಿಸಿದ್ದನ್ನು ಬಿಸಿಬಿಸಿಯಾಗಿ ಉಂಡು ಎಷ್ಟು ವರ್ಷವಾಯಿತೆಂದು ಆಕೆ ಲೆಕ್ಕ ಹಾಕಿದಳು. ಮದುವೆಮನೆಗಳನ್ನು ಬಿಟ್ಟರೆ ಉತ್ತರ ಸಿಗಲಿಲ್ಲ.

ಎರಡನೆಯ ದಿನ ಬೆಳಿಗ್ಗೆ ಎದ್ದು ನೋಡಿದರೆ ಅಮ್ಮನ ಹಾಸಿಗೆ ಖಾಲಿ. ಗಾಬರಿಯಿಂದ ಗುಡ್ಡ ಇಳಿದೆವು. ಕಡಲ ದಂಡೆಯಲ್ಲಿ ಬಿದಿರಿನ ಅಟ್ಟಗಳ ಸಾಲು. ಅವುಗಳ ಮೇಲೆ ಬೊಂಬಿಲ್ ಮೀನನ್ನು ಜೋಡಿಯಾಗಿ ಬಾಯಿಗೆ ಬಾಯಿ ಸಿಕ್ಕಿಸಿ ತೂಗಹಾಕಿದ್ದರು. ಆ ಸಾಲಿನ ನಡುವೆ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಕೋಳಿ ಹೆಂಗಸೊಬ್ಬಳ ಜೊತೆ ಅಮ್ಮ ಮಾತಾಡುತ್ತ ನಿಂತಿದ್ದರು! ಅವಳಿಗೆ ಕನ್ನಡ ಬಾರದು, ಅಮ್ಮನಿಗೆ ಮರಾಠಿ ಬಾರದು. ನಮ್ಮ ಬಂಗುಡೆ ಅವರಿಗೆ ಬಾಂಗಡಾ. ಅದೊಂದು ಮಾತು ಇಬ್ಬರಿಗೂ ಗೊತ್ತಾಯಿತು. ಉಳಿದುದಕ್ಕೆ ಕೈಸನ್ನೆ ಸಾಕಾಯಿತು. ಮಳೆಗಾಲದಲ್ಲಿ, ಜೂನ್ ಜುಲೈಯಲ್ಲಿ, ಅಲ್ಲಿಯಂತೆ ಇಲ್ಲಿಯೂ ಯಂತ್ರದ ದೋಣಿಗಳಿಗೆ ನಿಷೇಧ. ಆ ದಿನಗಳಿಗಾಗಿ ಈ ಒಣಮೀನು. ಇದನ್ನು ಅಮ್ಮನಿಗೆ ಯಾರೂ ಅನುವಾದ ಮಾಡಿ ಹೇಳಬೇಕಾಗಿರಲಿಲ್ಲ. "ಮಗಾ, ಇಲ್ಲ್ ಗಾಳಿ ಬತ್ತ್ ಕಾಣ್" ಎಂದರು ನಮ್ಮನ್ನು ನೋಡಿ. ಒಂದು ವರ್ಷದಲ್ಲಿ ಅವರಾಗಿ ಆಡಿದ ಮೊದಲ ಮಾತು ಎಂದರೆ ಹೆಚ್ಚಾಗಲಾರದು.

ಆ ದಂಡೆಯ ಜನಕ್ಕೂ ಚಿಂತೆಗಳಿಲ್ಲದಿಲ್ಲ. ಮನೋರಿಯಲ್ಲಿ ಸಮುದ್ರದ ನೀರನ್ನು ಸಿಹಿಮಾಡುವ ಸ್ಥಾವರವನ್ನು ಕಟ್ಟಲು ಮಹಾನಗರಪಾಲಿಕೆ ಯೋಜನೆ ಹಾಕಿದೆ. ಮೊದಲ ಹಂತಕ್ಕೆ ದಿನಕ್ಕೆ 20 ಕೋಟಿ ಲೀಟರು. ನಗರಕ್ಕೆ ನೀರು ಬೇಕು, ನಿಜ. ಉಳಿದ ಉಪ್ಪುನೀರು ತಮ್ಮ ಮೀನಿಗೆ ಏನು ಮಾಡೀತೆಂದು ಬಲೆ ಬೀಸುವವರು ಕೇಳುವುದೂ ನಿಜ. ಜಮೀನು ಕೇಳಿಕೊಂಡು ಬರುವವರಿಗೂ ಕೊರತೆಯಿಲ್ಲ. ಯಜಮಾನಿಯ ಮಕ್ಕಳು ದೂರದೇಶದಲ್ಲಿದ್ದಾರೆ. ಮನೆಯನ್ನು ಮಾರಿ ತಮ್ಮಲ್ಲಿಗೆ ಬಾ ಎನ್ನುತ್ತಾರಂತೆ. "ಮಾರಿದರೆ ಅವರು ಹಬ್ಬಕ್ಕೆ ಎಲ್ಲಿಗೆ ಬರಬೇಕು? ಅದಕ್ಕೇ ದಿನಬಾಡಿಗೆಗೆ ಕೊಡುತ್ತೇನೆ. ಮನೆಯ ಖರ್ಚು ಮನೆಯೇ ದುಡಿಯುತ್ತದೆ" ಎಂದರು. ಈ ಮಾತನ್ನು ನಮ್ಮಾಕೆ ಅಮ್ಮನಿಗೆ ಕನ್ನಡದಲ್ಲಿ ಹೇಳಿದಳು.

ಮೂರನೆಯ ದಿನ ನಾವು ಮಕ್ಕಳನ್ನು ಕರೆದುಕೊಂಡು ದ್ವೀಪದ ಉತ್ತರದ ತುದಿಗೆ, ಚೌಕ್ ಎಂಬಲ್ಲಿಗೆ ಹೋದೆವು. ಅಲ್ಲಿ ಎತ್ತರದಲ್ಲಿ ಧಾರಾವಿ ಕೋಟೆಯ ಅವಶೇಷಗಳಿವೆ. ನೀರಿನಾಚೆ ವಸಾಯಿ. 1739ರಲ್ಲಿ ಚಿಮಾಜಿ ಅಪ್ಪನ ಮರಾಠ ಸೈನ್ಯ ಮೊದಲು ಇದನ್ನು ಹಿಡಿದು, ಅದೇ ವರ್ಷ ಪೋರ್ತುಗೀಜರಿಂದ ವಸಾಯಿಯ ಕೋಟೆಯನ್ನೂ ಗೆದ್ದಿತು. ಖಾಡಿಯ ಬಾಯಿ ಯಾರ ಕೈಯಲ್ಲಿದೆಯೋ ವಸಾಯಿ ಅವರದು ಎಂಬುದು ಅಲ್ಲಿ ನಿಂತರೆ ಪುಸ್ತಕವಿಲ್ಲದೆಯೇ ಅರ್ಥವಾಗುತ್ತದೆ. ನಮ್ಮಾಕೆ ಬರಲಿಲ್ಲ. ಏನೂ ಮಾಡದೆ ಜಗಲಿಯಲ್ಲಿ ಮಲಗಿರಬೇಕೆಂಬುದು ಅವಳ ಕಾರ್ಯಕ್ರಮ. ಅದನ್ನು ಅವಳು ಕಟ್ಟುನಿಟ್ಟಾಗಿ ನೆರವೇರಿಸಿದಳು.

ಸಂಜೆ ಎಲ್ಲರೂ ಜಗಲಿಯಲ್ಲಿದ್ದಾಗ ಅಮ್ಮ ತಾವಾಗಿಯೇ ಊರಿನ ಮಾತು ತೆಗೆದರು. "ಮನಿ ಮಾರೂದ್ ಎಂತಕ್ಕೆ? ಹೀಂಗೇ ನಾಕ್ ದಿನ್ಕೆ ಬಾಡ್ಗಿಗ್ ಕೊಟ್ರೆ ಆತ್ತಿಲ್ಯಾ? ಬಾಗ್ಲಾರೂ ತೆರ್ದಿರತ್ತ್" ಎಂದರು. ಕಾರಕೂನರಾದ ನಮಗೆ ಮೊದಲು ತೋಚಿದ್ದು ಆಕ್ಷೇಪಣೆಗಳೇ. ನೋಡಿಕೊಳ್ಳುವವರು ಯಾರು? ಪರವಾನಗಿ ಯಾರದು? ಬಂದವರಿಗೆ ಅಡಿಗೆ ಯಾರು ಮಾಡಬೇಕು? ಕೊನೆಯ ಪ್ರಶ್ನೆಗೆ ಅಮ್ಮ ತಮ್ಮ ಎದೆಯ ಮೇಲೆ ಕೈಯಿಟ್ಟು ತೋರಿಸಿದರು. ಆರು ತಿಂಗಳು ಊರಲ್ಲಿ, ಮಳೆಗಾಲಕ್ಕೆ ನಮ್ಮಲ್ಲಿ ಎಂದು ಅವರ ಲೆಕ್ಕ. ಎದುರುಮನೆಯ ಸೋದರತ್ತೆ ಜೊತೆಗಿದ್ದಾರಂತೆ.

ಅಣ್ಣ ಇದಕ್ಕೆ ಇನ್ನೂ ಒಪ್ಪಿಲ್ಲ. ಎಪ್ಪತ್ತರ ಹತ್ತಿರದ ಮುದುಕಿ ಹೋಟೆಲು ಇಡುವುದುಂಟೆ ಎಂದು ಫೋನಿನಲ್ಲಿ ರೇಗಿದ. ಅವನ ಮಾತಿನಲ್ಲೂ ಕಾಳಜಿ ಇದೆ. ಅವನಿಗೂ ಮಕ್ಕಳ ಓದಿನ ಖರ್ಚಿದೆ. ವಿಷಯ ಏಪ್ರಿಲ್ ತಿಂಗಳಿನಲ್ಲಿ ಎಲ್ಲರೂ ಊರಲ್ಲಿ ಸೇರಿದಾಗ ತೀರ್ಮಾನವಾಗಬೇಕು. ಅಲ್ಲಿಯವರೆಗೆ ಕಾಗದ ಕಪಾಟಿನಲ್ಲೇ ಇದೆ, ಸಹಿಯಿಲ್ಲದೆ. ಅಮ್ಮ ಮಾತ್ರ ಈಗ ಲೋಕಲ್ ಗಾಡಿಗಳನ್ನು ಎಣಿಸುತ್ತಿಲ್ಲ. ಊರಿನ ಮನೆಗೆ ಎಷ್ಟು ಚಾಪೆ, ಎಷ್ಟು ಪಾತ್ರೆ ಬೇಕೆಂದು ಮೊಮ್ಮಗಳಿಂದ ಪಟ್ಟಿ ಬರೆಸುತ್ತಿದ್ದಾರೆ.

ಸಂಘದ ಬಂಧುಗಳಿಗೆ ನಮ್ಮ ಸೂಚನೆ ಇಷ್ಟೆ. ಊರಿಗೆ ಹೋಗುವುದನ್ನು ಬಿಡಬೇಡಿ. ಆದರೆ ವರ್ಷದಲ್ಲಿ ನಾಲ್ಕು ದಿನ ಯಾರ ಕೆಲಸವೂ ಕಾಯದ ಒಂದು ಜಾಗಕ್ಕೂ ಹೋಗಿಬನ್ನಿ. ಅದಕ್ಕೆ ದೂರದ ದ್ವೀಪಗಳ ಕನಸು ಕಾಣಬೇಕಾಗಿಲ್ಲ. ನವೆಂಬರಿನಿಂದ ಫೆಬ್ರವರಿಯವರೆಗೆ ಒಳ್ಳೆಯ ಕಾಲ. ಭಾನುವಾರವನ್ನೂ ಡಿಸೆಂಬರದ ಕೊನೆಯ ವಾರವನ್ನೂ ತಪ್ಪಿಸಿ. ಗೊರಾಯಿಯ ಕಡಲಿನಲ್ಲಿ ಮಕ್ಕಳನ್ನು ಆಳಕ್ಕೆ ಬಿಡಬೇಡಿ. ಕುಡಿಯುವ ನೀರನ್ನು ಹಿತಮಿತವಾಗಿ ಬಳಸಿ. ಅಲ್ಲಿಯವರಿಗೆ ಅದು ಸುಲಭವಾಗಿ ಸಿಗುವಂಥದಲ್ಲ. ಮನೆಯಲ್ಲಿ ಹಿರಿಯರಿದ್ದರೆ ಅವರನ್ನು ತಪ್ಪದೆ ಕರೆದೊಯ್ಯಿರಿ. ಮತ್ತು ಅಡಿಗೆ ಮಾಡಿಕೊಡುವವರಿರುವ ಮನೆಯನ್ನೇ ಹಿಡಿಯಿರಿ. ಇಲ್ಲವಾದರೆ ಮನೆಯ ಅರ್ಧ ಜನಕ್ಕೆ ಮಾತ್ರ ರಜೆ ಸಿಕ್ಕೀತು.