ಎರಡು ಚುಕ್ಕೆಯ ಗಿಡ

ಗಾಜಿನ ತಟ್ಟೆಯ ಮೇಲೆ ಮೊನ್ನೆ ಎರಡು ಚುಕ್ಕೆಗಳು ಮೂಡಿದವು: ಒಂದು ಕಿತ್ತಳೆ, ಇನ್ನೊಂದು ಕೆಂಪು. ಕಿತ್ತಳೆ ಅಂದರೆ ಗಾಂಜಾದ ಅಮಲೇರಿಸದ ಸಿಬಿಡಿ, ಕೆಂಪು ಅಂದರೆ ಅಮಲೇರಿಸುವ ಟಿಎಚ್‌ಸಿ. ಎರಡೂ ಹೆಚ್ಚುಕಡಿಮೆ ಒಂದೇ ಗಾತ್ರ. ಹಳೆಯ ತಾಯಿಗಿಡ ಸೊರಗಿದ ಮೇಲೆ ಹೊಸದೊಂದನ್ನು ಹುಡುಕುತ್ತಿದ್ದ ನನಗೆ ಇದಕ್ಕಿಂತ ದೊಡ್ಡ ಹಬ್ಬವಿಲ್ಲ.

ಈ ಪರೀಕ್ಷೆಯನ್ನು ಗಾಂಜಾ ಬೆಳೆಯುವ ಎಲ್ಲರೂ ಕಲಿಯಬೇಕು ಅಂತ ನನ್ನ ಹಟ. ಗೇಣುದ್ದದ ಸಸಿಯ ಚೂರು ಎಲೆ ಸಾಕು. ತುಸು ಬಿಸಿಮಾಡಿ, ದ್ರಾವಕದಲ್ಲಿ ನೆನೆಸಿ, ಆ ರಸವನ್ನು ಸಿಲಿಕಾ ಲೇಪಿಸಿದ ತಟ್ಟೆಯ ಬುಡಕ್ಕೆ ತೊಟ್ಟಿಕ್ಕಬೇಕು. ದ್ರಾವಕ ಮೇಲೇರುತ್ತಾ ಒಂದೊಂದು ವಸ್ತುವನ್ನು ಒಂದೊಂದು ಎತ್ತರದಲ್ಲಿ ಬಿಟ್ಟುಹೋಗುತ್ತದೆ. ಕೈಗವಸು ತೊಟ್ಟು ಫಾಸ್ಟ್ ಬ್ಲೂ ಬಣ್ಣ ಸಿಂಪಡಿಸಿದರೆ ಗುಟ್ಟು ಬಯಲು. ಹೂ ಬಿಟ್ಟಾಗ ಒಟ್ಟು ಪ್ರಮಾಣ ಏರುತ್ತದೆ ನಿಜ. ಆದರೆ ಗಿಡ ಯಾವ ಬಗೆಯದು ಎಂಬುದು ಎಳೆಯ ಎಲೆಯಲ್ಲೇ ತೀರ್ಮಾನವಾಗಿರುತ್ತದೆ. ಎಲೆ ಅಗಲವೋ ಕಿರಿದೋ, ವಾಸನೆ ನಿಂಬೆಯದೋ ಮಣ್ಣಿನದೋ ಎಂದು ನೋಡಿ ಅನುಪಾತ ಹೇಳುವವರ ಮಾತನ್ನು ನಾನು ಕೇಳುವುದಿಲ್ಲ.

ಇವರಿಗಿಂತ ಹೆಚ್ಚು ಸಿಟ್ಟು ಬರಿಸುವವರು "ಇನ್ನೂ ಸ್ವಲ್ಪ ದಿನ ಬಿಡಿ, ಟಿಎಚ್‌ಸಿ ಎಲ್ಲಾ ಸಿಬಿಡಿ ಆಗುತ್ತೆ" ಎನ್ನುವವರು. ಆಗುವುದಿಲ್ಲ. ಎರಡಕ್ಕೂ ಮೂಲ ಸಿಬಿಜಿಎ ಎಂಬ ಒಂದೇ ಆಮ್ಲ. ಒಂದು ಕಿಣ್ವ ಅದನ್ನು ಟಿಎಚ್‌ಸಿಯ ಕಡೆಗೆ ತಿರುಗಿಸುತ್ತದೆ, ಇನ್ನೊಂದು ಸಿಬಿಡಿಯ ಕಡೆಗೆ. ಅತ್ತ ಹೋದದ್ದು ಇತ್ತ ಬರುವುದಿಲ್ಲ. ಕೊಯ್ಲು ತಡಮಾಡಿದರೆ ಟಿಎಚ್‌ಸಿ ಗಾಳಿ ಬೆಳಕಿಗೆ ಕೆಟ್ಟು ಸಿಬಿಎನ್ ಆಗುತ್ತದೆ, ಅದು ಬೇರೆಯೇ ವಸ್ತು. ಭೂತಗನ್ನಡಿಯಲ್ಲಿ ರಾಳದ ಗ್ರಂಥಿಗಳು ಗಾಜಿನಂತಿದ್ದದ್ದು ಹಾಲುಬಣ್ಣಕ್ಕೆ ತಿರುಗಿದಾಗಲೇ ಕತ್ತರಿ ಹಿಡಿಯಬೇಕು. ನಾನಿರುವ ಒಂಟಾರಿಯೋದ ದಕ್ಷಿಣದಲ್ಲಿ ಆಗಸ್ಟಿನಲ್ಲಿ ಹಗಲು ಕುಗ್ಗುತ್ತಿದ್ದಂತೆ ಗಿಡ ಹೂವಿಗೆ ತೊಡಗುತ್ತದೆ. ಅಕ್ಟೋಬರಿನ ಹೊತ್ತಿಗೆ ಮಳೆ, ಮಂಜು. ಆಗಲೂ ಕಾಯುತ್ತಾ ಕೂತರೆ ಕೊಬ್ಬಿದ ಹೂಗೊಂಚಲಿನ ಒಳಗಿನಿಂದಲೇ ಬೂದು ಬೂಷ್ಟು ತಿನ್ನುತ್ತಾ ಬರುತ್ತದೆ. ತಪ್ಪು ಸಲಹೆ ಕೇಳಿ ವರ್ಷದ ಬೆಳೆಯನ್ನೇ ತಿಪ್ಪೆಗೆ ಸುರಿದವರನ್ನು ಕಂಡಿದ್ದೇನೆ.

ನನ್ನ ಗಿಡ ಕ್ಯಾನಟಾನಿಕ್. ಸ್ಪೇನಿನ ರೆಸಿನ್ ಸೀಡ್ಸ್‌ನವರು ಎಂಕೆ ಅಲ್ಟ್ರಾ ಮತ್ತು ಜಿ13 ಹೇಜ್ ಕೂಡಿಸಿ ಮಾಡಿದ ತಳಿ. ಔಷಧವಾಗಿ ಈ ಸಮಪಾಲಿಗೆ ಬೆಲೆಯಿದೆ: ಮಲ್ಟಿಪಲ್ ಸ್ಕ್ಲೆರೋಸಿಸ್ ರೋಗಿಗಳ ನರದ ನೋವಿಗೆ ಕೆನಡಾ 2005ರಲ್ಲಿ ಒಪ್ಪಿದ ಸಟಿವೆಕ್ಸ್ ಸ್ಪ್ರೇಯ ಒಂದು ಸಲದ ಸಿಂಪಡಣೆಯಲ್ಲಿ 2.7 ಮಿಲಿಗ್ರಾಂ ಟಿಎಚ್‌ಸಿ, 2.5 ಮಿಲಿಗ್ರಾಂ ಸಿಬಿಡಿ. ಆದರೆ ಅದು ಎರಡು ಬೇರೆ ಬೇರೆ ತಳಿಗಳ ಸಾರವನ್ನು ಬೆರೆಸಿ ಪಡೆದ ಸಮತೋಲ. ಕಾರ್ಖಾನೆಗೆ ಅದೇ ಸರಿ. ನನ್ನ ಮನಸ್ಸು ನಿಂತಿರುವುದು ಎರಡನ್ನೂ ತಾನೇ ಮಾಡಿಕೊಳ್ಳುವ ಒಂದೇ ಗಿಡದಲ್ಲಿ.

ಆ ಗಿಡದ ಸ್ವಭಾವವೇ ವಿಚಿತ್ರ. ಒಂದು ಪೋಷಕದಿಂದ ಟಿಎಚ್‌ಸಿ ಜೀನು, ಇನ್ನೊಂದರಿಂದ ಸಿಬಿಡಿ ಜೀನು ಬಂದು, ಯಾವುದೂ ಇನ್ನೊಂದನ್ನು ಅಡಗಿಸದೆ ಎರಡೂ ಕೆಲಸ ಮಾಡಿದಾಗ ಮಾತ್ರ ಸಮಪಾಲು. 2003ರಲ್ಲಿ ಡಿ ಮೈಯರ್ ಮತ್ತು ಸಂಗಡಿಗರು ತಳಿ ಕೂಡಿಸಿ ಇದನ್ನು ತೋರಿಸಿದರು. ಅಂಥ ಗಿಡಗಳನ್ನು ತಮ್ಮತಮ್ಮಲ್ಲೇ ಕೂಡಿಸಿ ಬೀಜ ಮಾಡಿದರೆ ಮೆಂಡೆಲನ ಲೆಕ್ಕ ಶುರು: ಕಾಲು ಭಾಗ ಬರೀ ಟಿಎಚ್‌ಸಿ, ಕಾಲು ಭಾಗ ಬರೀ ಸಿಬಿಡಿ, ಅರ್ಧ ಮಾತ್ರ ಎರಡೂ. ಬಾದಾಮಿ ಮಾವಿನ ಓಟೆ ನೆಟ್ಟು ಬಾದಾಮಿಯೇ ಬರಲಿ ಅನ್ನುವವರನ್ನು ನಮ್ಮೂರಲ್ಲಿ ಯಾರೂ ನಂಬುವುದಿಲ್ಲ, ಕಸಿ ಕಟ್ಟುತ್ತಾರೆ. ಇಲ್ಲೂ ಹಾಗೆಯೇ ಕಡ್ಡಿ ನೆಡಬೇಕು. ಕೆಳಗಿನ ಕೊಂಬೆಯನ್ನು ಗೆಣ್ಣಿನ ಬುಡದಲ್ಲಿ ಓರೆಯಾಗಿ ಕತ್ತರಿಸಿ, ತೇವ ಆರದಂತೆ ಮುಚ್ಚಿಟ್ಟರೆ ಒಂದೆರಡು ವಾರಕ್ಕೆ ಬೇರು. ತಾಯಿಗಿಡಕ್ಕೆ ದಿನಕ್ಕೆ 18 ಗಂಟೆ ಬೆಳಕು ಕೊಟ್ಟರೆ ಅದು ಹೂವಿನ ಯೋಚನೆಯನ್ನೇ ಮಾಡದೆ ಕಡ್ಡಿ ಕೊಡುತ್ತಾ ಇರುತ್ತದೆ.

ನನ್ನ ತಕರಾರು ಕೆನಡಾದ ಕಾನೂನಿನೊಂದಿಗೆ. 2018ರ ಅಕ್ಟೋಬರ್ 17ರಿಂದ ನನ್ನಂಥವರು ಮನೆಗೆ ನಾಲ್ಕು ಗಿಡ ಬೆಳೆಯಬಹುದು, ಅದಕ್ಕೆ ಕೃತಜ್ಞ. ಆದರೆ ಹೂವೇ ಬಿಡದ ತಾಯಿಗಿಡವೂ ಆ ನಾಲ್ಕರಲ್ಲೇ ಸೇರುತ್ತದೆ. ತಾಯಿ ಬೇಡವೆಂದು ಸಾದಾ ಬೀಜಕ್ಕೆ ಹೋದರೆ ಅರ್ಧ ಗಂಡು. ಹೆಣ್ಣೂ ಆಗಿ ಸಮಪಾಲೂ ಇರುವ ಸಸಿ ನಾಲ್ಕಕ್ಕೆ ಒಂದು. ಹಾಕಿದ ನಾಲ್ಕು ಬೀಜದಲ್ಲಿ ಅಂಥದ್ದು ಒಂದೂ ಸಿಗದಿರುವ ಸಾಧ್ಯತೆ ಸುಮಾರು ಶೇ 32. ಅಮಲು ಮಾತ್ರ ಬೇಕಾದವನಿಗೆ ಈ ಮಿತಿ ತಟ್ಟುವುದೇ ಇಲ್ಲ, ಅವನ ಬೀಜ ಹೇಗೂ ಟಿಎಚ್‌ಸಿಯನ್ನೇ ಕೊಡುತ್ತದೆ. ಸೌಮ್ಯವಾದದ್ದನ್ನು ಹುಡುಕುವವನಿಗೇ ಪೆಟ್ಟು. ಹೂಬಿಡುವ ಗಿಡಗಳನ್ನು ಎಣಿಸಲಿ, ನಾಲ್ಕೇ ಇರಲಿ. ತಾಯಿಗಿಡವನ್ನೂ ಎಳೆಯ ಸಸಿಗಳನ್ನೂ ಲೆಕ್ಕದಿಂದ ಹೊರಗಿಡಲಿ.